ಎಣ್ಣೆಯ ಕಮಟು ಮತ್ತು ಮುಕ್ತ ರಾಡಿಕಲ್‌ಗಳು

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳು ಎಣ್ಣೆಕಾಳು ಬೆಳೆಯುವ ಸೀಮೆಗೆ ಸೇರಿದವು. ಮುಂಗಾರಿಗೆ ಮಸಾರಿ ಹೊಲಗಳಲ್ಲಿ ಶೇಂಗಾ, ಹಿಂಗಾರಿಗೆ ಎರೆ ಹೊಲಗಳಲ್ಲಿ ಕುಸುಬೆ ಮತ್ತು ಅಗಸೆ ಇಲ್ಲಿಯ ರೈತರು ತಲೆತಲಾಂತರದಿಂದ ಬೆಳೆದುಕೊಂಡು ಬಂದ ಪೈರುಗಳು. ಕಡಲೆಯ ಬೆಳೆ ಹಬ್ಬಿದ ಮೇಲೆ ಕುಸುಬೆ, ಅಗಸೆಗಳ ಹೊಲಗಳು ಕಡಮೆಯಾಗಿವೆ. ಆದರೂ ಶೇಂಗಾ ಹಿಂಡಿ, ಅಗಸೆ ಹಿಂಡಿ, ಗುರೆಳ್ಳು ಹಿಂಡಿಗಳಿಲ್ಲದೆ ಜೋಳದ ರೊಟ್ಟಿಯ ಊಟ ಇಲ್ಲಿ ಪೂರ್ಣವೆನಿಸದು.

ಈ ಮೂರು ಎಣ್ಣೆಗಳನ್ನು ಮೂರು ಗಾಜಿನ ತುಂಡುಗಳ ಮೇಲೆ ತೆಳ್ಳಗೆ ಸವರಿ, ಒಂದೇ ಕಿಟಕಿಯಲ್ಲಿ ಇಟ್ಟು ನೋಡಿದರೆ ಒಂದು ವಿಚಿತ್ರವು ಕಂಡುಬರುತ್ತದೆ. ಅಗಸೆಯ ಎಣ್ಣೆ ಕೆಲವು ದಿನಗಳಲ್ಲಿ ಗಟ್ಟಿಯಾಗಿ ಚರ್ಮದಂತಹ ಪೊರೆಯಾಗುತ್ತದೆ. ಕುಸುಬೆಯ ಎಣ್ಣೆ ಇನ್ನೂ ಹೆಚ್ಚು ಕಾಲ ತೆಗೆದುಕೊಂಡು ಅಂಟಂಟಾಗುತ್ತದೆ. ಶೇಂಗಾ ಎಣ್ಣೆಯಾದರೋ ಬಹುಕಾಲ ದ್ರವವಾಗಿಯೇ ಉಳಿದು, ಕೊನೆಗೆ ಕಮಟು ವಾಸನೆ ಹಿಡಿಯುತ್ತದೆ. ಗಾಳಿ, ಬೆಳಕು, ಉಷ್ಣತೆ ಮೂರಕ್ಕೂ ಒಂದೇ. ಹೀಗಿರುವಾಗ ಈ ಭೇದಕ್ಕೆ ಕಾರಣವೇನು? ತಿಂಗಳುಗಟ್ಟಲೆ ಚೆನ್ನಾಗಿದ್ದ ಎಣ್ಣೆ ಕೆಲವೇ ದಿನಗಳಲ್ಲಿ ಇದ್ದಕ್ಕಿದ್ದಂತೆ ಕಮಟಾಗುವುದೇಕೆ? ಈ ಪ್ರಶ್ನೆಗಳು ಗಾಣದವರಿಗೂ ಗೃಹಿಣಿಯರಿಗೂ ಎಷ್ಟು ಮುಖ್ಯವೋ ವಿಜ್ಞಾನದ ವಿದ್ಯಾರ್ಥಿಗೂ ಅಷ್ಟೇ ಮುಖ್ಯ. ಏಕೆಂದರೆ, ಇವುಗಳ ಉತ್ತರ ಅಡಗಿರುವುದು ಮುಕ್ತ ರಾಡಿಕಲ್ ಎಂಬ ಅಲ್ಪಾಯುಷಿ ಕಣಗಳ ವರ್ತನೆಯಲ್ಲಿ.

ಬೆಸ ಮತ್ತು ಸಮ

ಅಣುವಿನಲ್ಲಿ ಪರಮಾಣುಗಳನ್ನು ಕೂಡಿಸಿ ಹಿಡಿದಿರುವ ಬಂಧವೆಂದರೆ ಸಾಮಾನ್ಯವಾಗಿ ಒಂದು ಜೊತೆ ಎಲೆಕ್ಟ್ರಾನುಗಳು. ಬೆಳಕಿನಿಂದಲೋ ಶಾಖದಿಂದಲೋ ಈ ಬಂಧವು ನಟ್ಟನಡುವೆ ಮುರಿದರೆ, ಎರಡು ತುಣುಕುಗಳಿಗೂ ಒಂದೊಂದು ಎಲೆಕ್ಟ್ರಾನು ಪಾಲಿಗೆ ಬರುತ್ತದೆ. ಹೀಗೆ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನುಳ್ಳ ತುಣುಕೇ ಮುಕ್ತ ರಾಡಿಕಲ್. ಜಲಜನಕದ ಪರಮಾಣು, ಕ್ಲೋರೀನಿನ ಪರಮಾಣು, ಒಂದು ಇಂಗಾಲಕ್ಕೆ ಮೂರು ಜಲಜನಕಗಳು ಸೇರಿದ ಮೀಥೈಲ್, ಇವೆಲ್ಲ ಈ ಗುಂಪಿಗೆ ಸೇರಿದವು.

ಇಂತಹ ವಸ್ತು ಸ್ವತಂತ್ರವಾಗಿ ಇರಬಲ್ಲದೆಂದು ಮೊದಲು ತೋರಿಸಿಕೊಟ್ಟವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೋಸಸ್ ಗೋಂಬರ್ಗ್. ೧೯೦೦ರಲ್ಲಿ ಅವರು ಆರು ಬೆಂಜೀನ್ ಉಂಗುರಗಳುಳ್ಳ ಒಂದು ಅಣುವನ್ನು ಕಟ್ಟಲು ಯತ್ನಿಸಿದಾಗ, ಬೇಡದ ಆಮ್ಲಜನಕವು ಸೇರಿದ ಬಿಳಿಯ ಹರಳು ದೊರೆಯಿತು. ಗಾಳಿ ತಾಕದಂತೆ ಪ್ರಯೋಗವನ್ನು ಮತ್ತೆ ನಡೆಸಿದಾಗ ದೊರೆತ ಹಳದಿಯ ದ್ರಾವಣವು ಆಮ್ಲಜನಕವನ್ನು ಕಂಡೊಡನೆ ಹೀರಿಕೊಳ್ಳುತ್ತಿತ್ತು. ಅದರಲ್ಲಿ ಒಂಟಿಯಾಗಿ ಉಳಿದ ತುಣುಕು ಇದೆಯೆಂದು ಗೋಂಬರ್ಗ್ ಸಾರಿದರು. ಮೂರು ಉಂಗುರಗಳ ನಡುವೆ ಆ ಎಲೆಕ್ಟ್ರಾನು ಹರಡಿಕೊಂಡಿದ್ದುದರಿಂದಲೂ, ಉಂಗುರಗಳ ಇಕ್ಕಟ್ಟಿನಿಂದಲೂ ಆ ರಾಡಿಕಲ್ ಬಾಳಿತು. ಮೊದಲು ಗುರುತಿಸಿದ ಈ ರಾಡಿಕಲ್ಲಿಗೆ ಆಮ್ಲಜನಕದ ಮೇಲೆ ಇಷ್ಟೊಂದು ಆಸೆ ಇದ್ದುದನ್ನು ಓದುಗರು ನೆನಪಿನಲ್ಲಿಡಬೇಕು. ಎಣ್ಣೆಯಲ್ಲಿಯೂ ಇದನ್ನೇ ಕಾಣುವೆವು.

ಈಗ ಒಂದು ಸರಳ ಲೆಕ್ಕವನ್ನು ಗಮನಿಸೋಣ. ಕೆಲವು ಅಪವಾದಗಳನ್ನು ಬಿಟ್ಟರೆ ಸಾಮಾನ್ಯ ಅಣುಗಳಲ್ಲಿ ಎಲೆಕ್ಟ್ರಾನುಗಳ ಸಂಖ್ಯೆ ಸಮ, ರಾಡಿಕಲ್ಲಿನಲ್ಲಿ ಬೆಸ. ರಾಡಿಕಲ್ಲೊಂದು ಸಾಮಾನ್ಯ ಅಣುವನ್ನು ಸಂಧಿಸಿ ಏನೇ ಬದಲಾವಣೆಯಾದರೂ ಒಟ್ಟು ಸಂಖ್ಯೆ ಬೆಸವಾಗಿಯೇ ಇರಬೇಕು. ಎಂದರೆ ಕ್ರಿಯೆಯ ಕೊನೆಯಲ್ಲಿ ಎಲ್ಲೋ ಒಂದು ಕಡೆ ಮತ್ತೊಂದು ರಾಡಿಕಲ್ ಇದ್ದೇ ಇರುತ್ತದೆ. ಒಬ್ಬನು ತನ್ನ ಸಾಲವನ್ನು ತೀರಿಸಲು ಮತ್ತೊಬ್ಬನಿಂದ ಸಾಲ ತಂದರೆ, ಸಾಲಗಾರನು ಬದಲಾದನೇ ಹೊರತು ಸಾಲ ತೀರಲಿಲ್ಲ. ಎರಡು ರಾಡಿಕಲ್‌ಗಳು ಒಂದನ್ನೊಂದು ಸಂಧಿಸಿ ಬೆಸಕ್ಕೆ ಬೆಸ ಕೂಡಿದಾಗ ಮಾತ್ರ ಈ ಸಾಲದ ಲೆಕ್ಕ ಮುಗಿಯುತ್ತದೆ. ಆದರೆ ರಾಡಿಕಲ್‌ಗಳು ಅತ್ಯಲ್ಪ, ಸಾಮಾನ್ಯ ಅಣುಗಳು ಅಸಂಖ್ಯ. ಆದುದರಿಂದ ಅಂತಹ ಭೇಟಿ ಅಪರೂಪ. ಈ ಲೇಖನದ ತಿರುಳೆಲ್ಲ ಈ ಬೆಸ-ಸಮದ ಲೆಕ್ಕದಲ್ಲಿದೆ.

ಸರಪಣಿ ಕ್ರಿಯೆ

ಜಲಜನಕ ಮತ್ತು ಕ್ಲೋರೀನ್ ಅನಿಲಗಳನ್ನು ಕತ್ತಲೆಯಲ್ಲಿ ಬೆರಸಿಟ್ಟರೆ ಅವು ತೆಪ್ಪಗಿರುತ್ತವೆ. ಪ್ರಖರವಾದ ಬಿಸಿಲು ಬಿದ್ದೊಡನೆ ಸ್ಫೋಟಿಸುತ್ತವೆ. ಹೀರಿಕೊಂಡ ಬೆಳಕಿನ ಒಂದೊಂದು ಕಣಕ್ಕೂ ಎಷ್ಟೆಷ್ಟು ಅಣುಗಳು ಮಾರ್ಪಡುತ್ತವೆಂದು ಜರ್ಮನಿಯ ಮ್ಯಾಕ್ಸ್ ಬೋಡನ್‌ಸ್ಟೈನ್ ಲೆಕ್ಕ ಹಾಕಿ, ೧೯೧೩ರಲ್ಲಿ ಬೆರಗಾಗುವಂತಹ ಉತ್ತರವನ್ನು ಮುಂದಿಟ್ಟರು. ಒಂದು ಬೆಳಕಿನ ಕಣಕ್ಕೆ ಒಂದು ಅಣುವಲ್ಲ, ಲಕ್ಷಗಟ್ಟಲೆ ಅಣುಗಳು! ಇದರ ಗುಟ್ಟನ್ನು ೧೯೧೮ರಲ್ಲಿ ವಾಲ್ಟರ್ ನೆರ್ನ್‌ಸ್ಟ್ ಹೀಗೆ ಬಿಡಿಸಿದರು:

ಬೆಳಕು ಒಂದು ಕ್ಲೋರೀನ್ ಅಣುವನ್ನು ಎರಡು ಪರಮಾಣುಗಳಾಗಿ ಒಡೆಯುತ್ತದೆ.
ಕ್ಲೋರೀನ್ ಪರಮಾಣು + ಜಲಜನಕದ ಅಣು → ಹೈಡ್ರೊಜನ್ ಕ್ಲೋರೈಡ್ + ಜಲಜನಕದ ಪರಮಾಣು.
ಜಲಜನಕದ ಪರಮಾಣು + ಕ್ಲೋರೀನ್ ಅಣು → ಹೈಡ್ರೊಜನ್ ಕ್ಲೋರೈಡ್ + ಕ್ಲೋರೀನ್ ಪರಮಾಣು.

ಮೂರನೆಯ ಮೆಟ್ಟಿಲಿನಲ್ಲಿ ಹುಟ್ಟಿದ ಕ್ಲೋರೀನ್ ಪರಮಾಣು ಎರಡನೆಯ ಮೆಟ್ಟಿಲಿಗೆ ಹಿಂದಿರುಗುತ್ತದೆ. ಹೀಗೆ ಕೊಂಡಿಗೆ ಕೊಂಡಿ ಬೆಸೆದುಕೊಂಡು ಕ್ರಿಯೆ ಸಾಗುತ್ತದೆ. ಇದಕ್ಕೆ ಸರಪಣಿ ಕ್ರಿಯೆ ಎಂದು ಹೆಸರು. ಕೆಲವು ಕ್ರಿಯೆಗಳಲ್ಲಿ ಒಂದು ಕೊಂಡಿಯಿಂದ ಎರಡು ಕೊಂಡಿಗಳು ಕವಲೊಡೆಯುತ್ತವೆ. ಆಗ ವೇಗವು ಮಿತಿಮೀರಿ ಏರುತ್ತದೆ. ಈ ಬಗೆಯ ಕ್ರಿಯೆಗಳ ನಡೆಯನ್ನು ವಿವರಿಸಿದ ಹಿನ್‌ಷೆಲ್‌ವುಡ್ ಮತ್ತು ಸೆಮ್ಯೊನೊವ್ ಅವರಿಗೆ ೧೯೫೬ರ ನೊಬೆಲ್ ಪಾರಿತೋಷಕ ಸಂದಿತು.

ಅಲ್ಪಾಯುಷಿಯನ್ನು ಹಿಡಿಯುವ ಬಗೆ

ಇದೆಲ್ಲವೂ ಬರಿಯ ಊಹೆಯಲ್ಲವೆ, ಕ್ಷಣಮಾತ್ರ ಬಾಳುವ ಕಣವನ್ನು ಕಂಡವರಾರು ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿಜ್ಞಾನಿಗಳು ಇದಕ್ಕೆ ಮೂರು ದಾರಿಗಳಿಂದ ಉತ್ತರವಿತ್ತಿದ್ದಾರೆ.

ಮೊದಲನೆಯದು ಕನ್ನಡಿಯ ಪ್ರಯೋಗ. ೧೯೨೯ರಲ್ಲಿ ಬರ್ಲಿನ್ನಿನಲ್ಲಿ ಫ್ರೀಡ್ರಿಷ್ ಪಾನೆಟ್ ಮತ್ತು ವಿಲ್‌ಹೆಲ್ಮ್ ಹೋಫೆಡಿಟ್ಸ್ ಇದನ್ನು ನಡೆಸಿದರು. ಸೀಸಕ್ಕೆ ನಾಲ್ಕು ಮೀಥೈಲ್‌ಗಳು ಸೇರಿದ ಸಂಯುಕ್ತದ ಆವಿಯನ್ನು, ಅತಿ ಕಡಮೆ ಒತ್ತಡದ ಜಲಜನಕದೊಡನೆ ಒಂದು ಕೊಳವೆಯಲ್ಲಿ ವೇಗವಾಗಿ ಹರಿಸಲಾಯಿತು. ಕೊಳವೆಯನ್ನು ಒಂದೆಡೆ ಕಾಸಿದಾಗ ಆವಿ ಒಡೆದು, ಅಲ್ಲಿ ಸೀಸದ ಹೊಳೆಯುವ ಕನ್ನಡಿ ಅಂಟಿಕೊಂಡಿತು. ಬಳಿಕ ಹರಿವಿನ ಮೇಲ್ಗಡೆಯ ಇನ್ನೊಂದು ಜಾಗವನ್ನು ಕಾಸಿದರು. ಅಲ್ಲಿ ಹೊಸ ಕನ್ನಡಿ ಮೂಡುತ್ತಿದ್ದಂತೆಯೇ ಕೆಳಗಡೆಯ ಹಳೆಯ ಕನ್ನಡಿ ಮಾಯವಾಗತೊಡಗಿತು! ಮೇಲ್ಗಡೆ ಬಿಡುಗಡೆಯಾದ ಮೀಥೈಲ್‌ಗಳು ಹರಿದು ಬಂದು, ಸೀಸದೊಡನೆ ಮತ್ತೆ ಕೂಡಿ ಅದನ್ನು ಆವಿಯಾಗಿ ಒಯ್ಯುತ್ತಿದ್ದವು. ಸೀಸದ ಬದಲು ಸತುವಿನ ಕನ್ನಡಿಯಿಟ್ಟಾಗ ಸತುವಿನ ಮೀಥೈಲ್ ಸಂಯುಕ್ತವೇ ದೊರೆತುದರಿಂದ, ಹರಿದು ಬಂದುದು ಮೀಥೈಲ್ ಎಂಬುದರಲ್ಲಿ ಸಂದೇಹ ಉಳಿಯಲಿಲ್ಲ.

ಇದರಿಂದಲೇ ರಾಡಿಕಲ್ಲಿನ ಆಯುಷ್ಯವನ್ನೂ ಅಳೆಯಬಹುದು. ಅನಿಲವು ಸೆಕೆಂಡಿಗೆ ೧೦ ಮೀಟರ್ ವೇಗದಲ್ಲಿ ಹರಿಯುತ್ತಿದೆಯೆಂದು ಭಾವಿಸೋಣ. ಕಾಸಿದ ಜಾಗದಿಂದ ೧೦ ಸೆಂಟಿಮೀಟರ್ ದೂರದಲ್ಲಿರುವ ಕನ್ನಡಿಯನ್ನು ಮುಟ್ಟಲು ರಾಡಿಕಲ್ಲಿಗೆ ಸೆಕೆಂಡಿನ ನೂರನೆಯ ಒಂದು ಭಾಗ ಬೇಕು. ಕನ್ನಡಿಯನ್ನು ದೂರ ದೂರಕ್ಕೆ ಸರಿಸುತ್ತ, ಅದು ಅಳಿಯಲು ಹಿಡಿಯುವ ಕಾಲವನ್ನು ಗುರುತು ಮಾಡಿಕೊಂಡರೆ, ದಾರಿಯಲ್ಲಿ ಎಷ್ಟು ರಾಡಿಕಲ್‌ಗಳು ನಾಶವಾದವೆಂಬುದು ತಿಳಿಯುತ್ತದೆ. ದೂರವನ್ನು ಅಳೆಯುವ ಅಳತೆಗೋಲೇ ಇಲ್ಲಿ ಗಡಿಯಾರವಾಯಿತು. ಆ ಪ್ರಯೋಗದ ಸನ್ನಿವೇಶದಲ್ಲಿ ಮೀಥೈಲ್‌ಗಳ ಅರ್ಧಾಯುಷ್ಯವು ಸೆಕೆಂಡಿನ ಸಾವಿರದ ಕೆಲವು ಭಾಗಗಳಷ್ಟೆ ಎಂದು ಕಂಡುಬಂದಿತು.

ಎರಡನೆಯದು ಮಿಂಚಿನ ಬೆಳಕಿನ ವಿಧಾನ. ೧೯೪೯ರಲ್ಲಿ ಕೇಂಬ್ರಿಜ್‌ನ ನಾರಿಷ್ ಮತ್ತು ಪೋರ್ಟರ್ ಇದನ್ನು ಪ್ರಕಟಿಸಿದರು. ಬಲವಾದ ಒಂದು ಮಿಂಚಿನಿಂದ ಅನಿಲದ ಅಣುಗಳನ್ನು ಒಡೆದು, ಒಡನೆಯೇ ಎರಡನೆಯ ಮಿಂಚಿನ ಬೆಳಕನ್ನು ಹಾಯಿಸಿ ರೋಹಿತವನ್ನು ಚಿತ್ರಿಸಿಕೊಳ್ಳುವುದು ಇದರ ಕ್ರಮ. ಪ್ರತಿಯೊಂದು ರಾಡಿಕಲ್ಲಿಗೂ ತಾನು ಹೀರುವ ಬಣ್ಣಗಳೇ ಗುರುತು. ಎರಡು ಮಿಂಚುಗಳ ನಡುವಣ ಅಂತರವನ್ನು ಬದಲಿಸುತ್ತ ಹೋದರೆ ಆ ಗುರುತು ಮೂಡಿ, ಮಾಸಿ, ಮರೆಯಾಗುವುದನ್ನು ಹಂತಹಂತವಾಗಿ ಕಾಣಬಹುದು. ಬರ್ಲಿನ್ನಿನಲ್ಲಿ ಕನ್ನಡಿಯನ್ನು ಅಳಿಸಿ ತನ್ನ ಇರವನ್ನು ತೋರಿದ್ದ ಮೀಥೈಲ್ ರಾಡಿಕಲ್ಲಿನ ರೋಹಿತವನ್ನು ೧೯೫೬ರಲ್ಲಿ ಕೆನಡಾದ ಗೆರ್‌ಹಾರ್ಡ್ ಹೆರ್ಟ್ಸ್‌ಬರ್ಗ್ ಮತ್ತು ಅವರ ಸಹೋದ್ಯೋಗಿ ಇದೇ ವಿಧಾನದಿಂದ ಹಿಡಿದರು. ನಾರಿಷ್ ಮತ್ತು ಪೋರ್ಟರ್ ೧೯೬೭ರಲ್ಲಿ ಐಗೆನ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ೧೯೭೧ರ ಪಾರಿತೋಷಕವು ಹೆರ್ಟ್ಸ್‌ಬರ್ಗ್ ಅವರಿಗೆ ಸಂದಿತು. ಮೊದಮೊದಲು ಮಿಂಚುಗಳು ಸೆಕೆಂಡಿನ ಸಾವಿರದ ಕೆಲವು ಭಾಗ ಬೆಳಗುತ್ತಿದ್ದವು. ಲೇಸರ್ ಬಂದ ಮೇಲೆ ಅಳತೆ ಸೂಕ್ಷ್ಮವಾಗುತ್ತ ಹೋಗಿ, ಬಂಧವೊಂದು ಮುರಿಯುತ್ತಿರುವ ಗಳಿಗೆಯನ್ನೇ ಹಿಡಿಯುವಷ್ಟಾಯಿತು. ಆ ಸಾಧನೆಗಾಗಿ ಅಹ್ಮದ್ ಜೆವೈಲ್ ಅವರಿಗೆ ೧೯೯೯ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಮೂರನೆಯದು ಅಯಸ್ಕಾಂತದ ವಿಧಾನ. ಎಲೆಕ್ಟ್ರಾನು ಒಂದು ಪುಟ್ಟ ಅಯಸ್ಕಾಂತ. ಜೊತೆಯಾಗಿರುವ ಎಲೆಕ್ಟ್ರಾನುಗಳಲ್ಲಿ ಒಂದರ ಗುಣವನ್ನು ಮತ್ತೊಂದು ತೊಡೆದುಹಾಕುತ್ತದೆ. ಒಂಟಿ ಎಲೆಕ್ಟ್ರಾನಿನ ಗುಣ ಮಾತ್ರ ಉಳಿಯುತ್ತದೆ. ವಸ್ತುವನ್ನು ಸುಮಾರು ೩,೪೦೦ ಗೌಸ್ ಬಲದ ಕಾಂತಕ್ಷೇತ್ರದಲ್ಲಿಟ್ಟರೆ ಅದರ ಒಂಟಿ ಎಲೆಕ್ಟ್ರಾನುಗಳು ಸುಮಾರು ೩ ಸೆಂಟಿಮೀಟರ್ ಉದ್ದದ ಸೂಕ್ಷ್ಮತರಂಗಗಳನ್ನು ಹೀರಿಕೊಂಡು ತಮ್ಮ ದಿಕ್ಕನ್ನು ತಿರುವುಮುರುವು ಮಾಡುತ್ತವೆ. ಈ ಅನುರಣನವನ್ನು ೧೯೪೪ರಲ್ಲಿ ಕಜಾನ್ ನಗರದ ಜವೊಯಿಸ್ಕಿ ಕಂಡುಹಿಡಿದರು. ಅನಿಲಗಳಷ್ಟೇ ಅಲ್ಲದೆ ದ್ರವ, ಘನಗಳಲ್ಲಿರುವ ರಾಡಿಕಲ್‌ಗಳನ್ನೂ ಇದರಿಂದ ಪತ್ತೆಮಾಡಬಹುದಾದ್ದರಿಂದ ಎಣ್ಣೆ, ರಬ್ಬರುಗಳ ಅಧ್ಯಯನಕ್ಕೆ ಇದು ಬಹಳ ಒದಗಿಬಂದಿತು.

ಎಣ್ಣೆಯಲ್ಲಿ ನಡೆಯುವುದೇನು?

ಈ ತಿಳಿವಳಿಕೆಯನ್ನು ಈಗ ನಮ್ಮ ಮೂರು ಎಣ್ಣೆಗಳಿಗೆ ಅನ್ವಯಿಸಿ ನೋಡೋಣ. ಎಣ್ಣೆಯ ಅಣುವಿನಲ್ಲಿ ಮೂರು ಉದ್ದನೆಯ ಕೊಬ್ಬಿನಾಮ್ಲದ ಎಳೆಗಳಿರುತ್ತವೆ. ಶೇಂಗಾ ಎಣ್ಣೆಯಲ್ಲಿ ಒಂದೇ ದ್ವಿಬಂಧವುಳ್ಳ ಓಲಿಯಿಕ್ ಆಮ್ಲ ಹೆಚ್ಚು. ರೂಢಿಯ ಕುಸುಬೆಯ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಪಾಲು, ಎರಡು ದ್ವಿಬಂಧಗಳುಳ್ಳ ಲಿನೊಲಿಯಿಕ್ ಆಮ್ಲ. ಅಗಸೆಯ ಎಣ್ಣೆಯಲ್ಲಿ ಸುಮಾರು ಅರ್ಧ ಪಾಲು, ಮೂರು ದ್ವಿಬಂಧಗಳುಳ್ಳ ಲಿನೊಲೆನಿಕ್ ಆಮ್ಲ.

ಬೆಳಕಿನಿಂದಲೋ, ಶಾಖದಿಂದಲೋ, ಲೋಹದ ಸೋಂಕಿನಿಂದಲೋ ಎಣ್ಣೆಯ ಒಂದು ಅಣು ತನ್ನ ಜಲಜನಕವೊಂದನ್ನು ಕಳೆದುಕೊಂಡು ರಾಡಿಕಲ್ ಆಯಿತೆನ್ನೋಣ. ಗಾಳಿಯ ಆಮ್ಲಜನಕದ ಅಣುವಿನಲ್ಲಿ ಎರಡು ಒಂಟಿ ಎಲೆಕ್ಟ್ರಾನುಗಳಿವೆ. ಅದು ಸಾಮಾನ್ಯ ಎಣ್ಣೆಯ ಅಣುವಿನೊಡನೆ ಸುಲಭವಾಗಿ ಕೂಡದಿದ್ದರೂ ರಾಡಿಕಲ್ಲಿನೊಡನೆ ಕ್ಷಣಾರ್ಧದಲ್ಲಿ ಕೂಡುತ್ತದೆ. ಪೆರಾಕ್ಸಿ ರಾಡಿಕಲ್ ಹುಟ್ಟುತ್ತದೆ. ಇದು ನೆರೆಯ ಎಣ್ಣೆಯ ಅಣುವಿನಿಂದ ಜಲಜನಕವೊಂದನ್ನು ಕಿತ್ತುಕೊಂಡು ತಾನು ಹೈಡ್ರೊಪೆರಾಕ್ಸೈಡ್ ಆಗುತ್ತದೆ. ನೆರೆಯ ಅಣು ರಾಡಿಕಲ್ ಆಗುತ್ತದೆ. ಬೆಸದ ಸಾಲ ಕೈ ಬದಲಾಯಿಸಿತು, ಸರಪಣಿ ಮುಂದುವರಿಯಿತು.

ಈ ಕಿತ್ತುಕೊಳ್ಳುವಿಕೆ ಎಷ್ಟು ಸುಲಭವೆಂಬುದೇ ಎಣ್ಣೆಯ ಹಣೆಬರಹವನ್ನು ನಿರ್ಧರಿಸುತ್ತದೆ. ಪೆರಾಕ್ಸಿ ರಾಡಿಕಲ್ ಜಲಜನಕವನ್ನು ಪಡೆದಾಗ ಮೋಲ್ ಒಂದಕ್ಕೆ ಸುಮಾರು ೩೭೦ ಕಿಲೋಜೌಲ್ ಶಕ್ತಿ ಬಿಡುಗಡೆಯಾಗುತ್ತದೆ. ಎಳೆಯ ಸಾಧಾರಣ ಜಾಗದಿಂದ ಜಲಜನಕವನ್ನು ಕೀಳಲು ಸುಮಾರು ೪೧೦ ಕಿಲೋಜೌಲ್ ಬೇಕು. ಇದು ನಷ್ಟದ ವ್ಯಾಪಾರ. ಆದರೆ ಎರಡು ದ್ವಿಬಂಧಗಳ ನಡುವೆ ಸಿಕ್ಕಿಕೊಂಡಿರುವ ಇಂಗಾಲದಿಂದ ಕೀಳಲು ಸುಮಾರು ೩೨೦ ಸಾಕು. ಏಕೆಂದರೆ ಅಲ್ಲಿ ಉಳಿಯುವ ಒಂಟಿ ಎಲೆಕ್ಟ್ರಾನು, ಗೋಂಬರ್ಗ್ ಅವರ ರಾಡಿಕಲ್ಲಿನಲ್ಲಿದ್ದಂತೆ, ಎರಡೂ ಕಡೆಗೆ ಹರಡಿಕೊಂಡು ನೆಮ್ಮದಿ ಪಡೆಯುತ್ತದೆ. ಇಂತಹ ದುರ್ಬಲ ಜಾಗ ಓಲಿಯಿಕ್ ಆಮ್ಲದಲ್ಲಿ ಒಂದೂ ಇಲ್ಲ, ಲಿನೊಲಿಯಿಕ್‌ನಲ್ಲಿ ಒಂದಿದೆ, ಲಿನೊಲೆನಿಕ್‌ನಲ್ಲಿ ಎರಡಿವೆ. ಗಾಜಿನ ಮೇಲೆ ಅಗಸೆ ಮೊದಲು, ಕುಸುಬೆ ಅನಂತರ, ಶೇಂಗಾ ಕೊನೆಗೆ ಕೆಡುವುದೇಕೆಂಬುದು ಈಗ ಸ್ಪಷ್ಟ. ಅಗಸೆಯಲ್ಲಿ ರಾಡಿಕಲ್‌ಗಳು ಎಳೆಗೆ ಎಳೆಯನ್ನು ಬೆಸೆದು ಪೊರೆಯನ್ನೇ ಕಟ್ಟುತ್ತವೆ. ಬಣ್ಣ, ವಾರ್ನಿಷುಗಳಲ್ಲಿ ಆ ಎಣ್ಣೆಯನ್ನು ಬಳಸುವುದು ಇದರಿಂದಲೇ.

ಹೈಡ್ರೊಪೆರಾಕ್ಸೈಡಿಗೆ ವಾಸನೆಯಿಲ್ಲ. ಅದು ಒಡೆದಾಗ ಹುಟ್ಟುವ ಸಣ್ಣ ಆಲ್ಡಿಹೈಡ್ ಅಣುಗಳೇ ಮೂಗಿಗೆ ತಾಕುವ ಕಮಟು. ಅದು ಒಡೆಯುವಾಗ ಹೊಸ ರಾಡಿಕಲ್‌ಗಳೂ ಹುಟ್ಟುವುದರಿಂದ ಸರಪಣಿ ಕವಲೊಡೆಯುತ್ತದೆ. ಕೆಡುಕು ಕೆಡುಕನ್ನು ಬೆಳೆಸುತ್ತದೆ.

ಸರಪಣಿಯನ್ನು ಕಡಿಯುವ ಅಣು

ಹೀಗಿದ್ದೂ ಕುಸುಬೆಯ ಎಣ್ಣೆ ಗಾಣದಿಂದ ಇಳಿದ ಮರುದಿನವೇ ಕೆಡುವುದಿಲ್ಲವೇಕೆ? ಸ್ವೀಡನ್ನಿನ ಬೆಕ್‌ಸ್ಟ್ರೋಮ್ ೧೯೨೭ರಲ್ಲಿ ಇದಕ್ಕೆ ದಾರಿ ತೋರಿದರು. ಅತ್ಯಲ್ಪ ಪ್ರಮಾಣದ ಕೆಲವು ವಸ್ತುಗಳು ಉತ್ಕರ್ಷಣವನ್ನು ತಡೆಯುವುದು, ಅವು ಸರಪಣಿಯ ಕೊಂಡಿಯನ್ನು ಕಡಿಯುವುದರಿಂದ ಎಂದು ಅವರ ಪ್ರಯೋಗಗಳು ತೋರಿಸಿದವು. ಸಾವಿರಾರು ಕೊಂಡಿಗಳ ಸರಪಣಿಯನ್ನು ನಿಲ್ಲಿಸಲು ಒಂದು ಕೊಂಡಿಯನ್ನು ಕಡಿದರೆ ಸಾಕಲ್ಲವೆ?

ಎಣ್ಣೆಕಾಳುಗಳಲ್ಲಿ ಈ ಕೆಲಸವನ್ನು ಮುಖ್ಯವಾಗಿ ‘ಇ’ ಜೀವಸತ್ವ, ಎಂದರೆ ಟೊಕೊಫೆರಾಲ್, ಮಾಡುತ್ತದೆ. ಅದು ಪೆರಾಕ್ಸಿ ರಾಡಿಕಲ್ಲಿಗೆ ತನ್ನ ಜಲಜನಕವನ್ನು ಕೊಟ್ಟು ತಾನೇ ರಾಡಿಕಲ್ ಆಗುತ್ತದೆ. ಆದರೆ ಈ ರಾಡಿಕಲ್ ಬಹಳ ಸೋಮಾರಿ. ಎಣ್ಣೆಯ ಗೋಜಿಗೆ ಹೋಗದೆ ಮತ್ತೊಂದು ಪೆರಾಕ್ಸಿ ರಾಡಿಕಲ್ಲಿಗಾಗಿ ಕಾದಿದ್ದು ಅದರೊಡನೆ ಕೂಡುತ್ತದೆ. ಬೆಸಕ್ಕೆ ಬೆಸ ಸೇರಿ ಲೆಕ್ಕ ಮುಗಿಯಿತು.

ಇದರ ಸಾಮರ್ಥ್ಯವನ್ನು ಲೆಕ್ಕ ಮಾಡಿ ನೋಡೋಣ. ೧೦೦ ಗ್ರಾಂ ಕುಸುಬೆಯ ಎಣ್ಣೆಯಲ್ಲಿ ೭೫ ಗ್ರಾಂ ಲಿನೊಲಿಯಿಕ್ ಆಮ್ಲವೂ ೪೦ ಮಿಲಿಗ್ರಾಂ ಟೊಕೊಫೆರಾಲೂ ಇವೆಯೆಂದು ಇಟ್ಟುಕೊಳ್ಳೋಣ. ಅವುಗಳ ಅಣುತೂಕ ಕ್ರಮವಾಗಿ ೨೮೦ ಮತ್ತು ೪೩೦. ಭಾಗಿಸಿದರೆ ಸುಮಾರು ೨,೯೦೦ ಲಿನೊಲಿಯಿಕ್ ಎಳೆಗಳಿಗೆ ಒಂದೇ ಒಂದು ಟೊಕೊಫೆರಾಲ್ ಅಣು. ಆದರೆ ಪೆರಾಕ್ಸಿ ರಾಡಿಕಲ್ಲಿನೊಡನೆ ಟೊಕೊಫೆರಾಲಿನ ಕ್ರಿಯಾವೇಗವು ಲಿನೊಲಿಯಿಕ್‌ಗಿಂತ ಸುಮಾರು ೪೦,೦೦೦ ಪಟ್ಟು ಹೆಚ್ಚು. ೪೦,೦೦೦ವನ್ನು ೨,೯೦೦ರಿಂದ ಭಾಗಿಸಿದರೆ ಸುಮಾರು ೧೪. ಎಂದರೆ ಹದಿನೈದು ಸಲದಲ್ಲಿ ಹದಿನಾಲ್ಕು ಸಲ ರಾಡಿಕಲ್ಲಿಗೆ ಸಿಗುವುದು ಟೊಕೊಫೆರಾಲೇ! ಆದರೆ ಈ ಕಾವಲುಗಾರನು ಪ್ರತಿ ಸಲವೂ ವ್ಯಯವಾಗುತ್ತಾನೆ. ಅದು ತೀರಿಹೋಗುವವರೆಗೆ ಎಣ್ಣೆ ಚೆನ್ನಾಗಿಯೇ ತೋರುತ್ತದೆ. ತೀರಿದೊಡನೆ ಸರಪಣಿಗೆ ಅಂಕೆಯಿಲ್ಲ. ತಿಂಗಳುಗಟ್ಟಲೆ ಚೆನ್ನಾಗಿದ್ದ ಎಣ್ಣೆ ಇದ್ದಕ್ಕಿದ್ದಂತೆ ಕಮಟಾಗುವುದರ ಗುಟ್ಟು ಇದು.

ಕಾಲೇಜಿನ ಪ್ರಯೋಗಶಾಲೆಯಲ್ಲಿ

ಮಿಂಚಿನ ದೀಪ, ಕಾಂತಕ್ಷೇತ್ರಗಳಿಲ್ಲದ ಕಾಲೇಜಿನಲ್ಲಿಯೂ ಈ ಕ್ರಿಯೆಯನ್ನು ಅಳೆಯಬಹುದು. ಎಣ್ಣೆಯನ್ನು ತಕ್ಕ ದ್ರಾವಕದಲ್ಲಿ ಕರಗಿಸಿ ಪೊಟಾಸಿಯಂ ಅಯೊಡೈಡ್ ಬೆರಸಿದರೆ, ಅದರಲ್ಲಿರುವ ಪೆರಾಕ್ಸೈಡ್ ಅಯೊಡೀನನ್ನು ಬಿಡುಗಡೆ ಮಾಡುತ್ತದೆ. ಗಂಜಿಯನ್ನು ಸೂಚಕವಾಗಿಟ್ಟುಕೊಂಡು ಸೋಡಿಯಂ ಥಯೊಸಲ್ಫೇಟಿನಿಂದ ಆ ಅಯೊಡೀನನ್ನು ಅಳೆಯಬೇಕು. ೫ ಗ್ರಾಂ ಎಣ್ಣೆಗೆ ೦.೦೧ ನಾರ್ಮಲ್ ಥಯೊಸಲ್ಫೇಟ್ ೫ ಮಿಲಿಲೀಟರ್ ಹಿಡಿದರೆ, ಪೆರಾಕ್ಸೈಡ್ ಮೌಲ್ಯವು ಕಿಲೋಗ್ರಾಂಗೆ ೧೦ ಮಿಲಿ ಈಕ್ವಿವಲೆಂಟ್. ಹೊಸ ಎಣ್ಣೆಯಲ್ಲಿ ಇದು ಸಾಮಾನ್ಯವಾಗಿ ಹತ್ತರೊಳಗೆ ಇರುತ್ತದೆ. ಮೂರು ಎಣ್ಣೆಗಳನ್ನು ಬಿಸಿಲಿನಲ್ಲಿ ಒಂದೊಂದು, ಕತ್ತಲೆಯಲ್ಲಿ ಒಂದೊಂದು ಬಾಟಲಿಯಂತೆ ಇಟ್ಟು ವಾರಕ್ಕೊಮ್ಮೆ ಅಳೆದು ನಕ್ಷೆ ಬರೆದರೆ, ಮೊದಲು ಮಂದಗತಿ, ಬಳಿಕ ಕಡಿದಾದ ಏರು ಕಾಣುತ್ತದೆ. ಆ ತಿರುವಿನಲ್ಲಿಯೇ ಟೊಕೊಫೆರಾಲ್ ಮುಗಿದಿರುತ್ತದೆ. ಬಹಳ ಹಳೆಯ ಎಣ್ಣೆಯಲ್ಲಿ ಪೆರಾಕ್ಸೈಡ್ ಒಡೆದುಹೋಗಿ ಮೌಲ್ಯವು ಮತ್ತೆ ಇಳಿಯಬಹುದು. ಕಡಮೆ ಮೌಲ್ಯವೆಂದರೆ ಒಳ್ಳೆಯ ಎಣ್ಣೆ ಎಂದು ಆಗ ಮೋಸಹೋಗಬಾರದು. ದ್ರಾವಕಗಳ ಆವಿ ಹಾನಿಕರವಾದ್ದರಿಂದ ಅಧ್ಯಾಪಕರ ಸಮ್ಮುಖದಲ್ಲಿಯೇ ಈ ಪ್ರಯೋಗವನ್ನು ಮಾಡತಕ್ಕದ್ದು.

ಮನೆಗೆ ಬೇಕಾದುದು

ಮೇಲಿನ ವಿಚಾರದಿಂದ ಕೆಲವು ನಿಯಮಗಳು ತಾವಾಗಿಯೇ ಹೊರಡುತ್ತವೆ. ಎಣ್ಣೆಯನ್ನು ಕತ್ತಲೆಯ, ತಂಪಾದ ಜಾಗದಲ್ಲಿ, ಬಾಯಿ ಬಿಗಿದು, ಪಾತ್ರೆ ತುಂಬುವಂತೆ ಇಡಬೇಕು. ಬೆಳಕು ಸರಪಣಿಯನ್ನು ಆರಂಭಿಸುತ್ತದೆ, ಖಾಲಿ ಜಾಗದ ಗಾಳಿ ಅದನ್ನು ನಡೆಸುತ್ತದೆ. ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಎಣ್ಣೆಯನ್ನು ಕೂಡಿಡಬಾರದು. ತಾಮ್ರವು ಪೆರಾಕ್ಸೈಡನ್ನು ಒಡೆದು ರಾಡಿಕಲ್‌ಗಳನ್ನು ಹೆಚ್ಚಿಸುತ್ತದೆ. ತಳದಲ್ಲಿ ಉಳಿದ ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆಯನ್ನು ಸುರಿಯಬಾರದು; ಹಳೆಯದರ ಪೆರಾಕ್ಸೈಡ್ ಹೊಸದಕ್ಕೆ ಹೆಪ್ಪಾಗುತ್ತದೆ. ಅಗಸೆ, ಶೇಂಗಾಗಳ ಹಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿಯೇ ಕುಟ್ಟಿಟ್ಟುಕೊಳ್ಳುವುದು ಲೇಸು. ಕಾಳು ಒಡೆದೊಡನೆ ಎಣ್ಣೆಗೆ ಗಾಳಿ ತಾಕುತ್ತದೆ.

ಮತ್ತೊಂದು ಎಚ್ಚರಿಕೆ ಇನ್ನೂ ಮುಖ್ಯವಾದುದು. ಮರಗೆಲಸದಲ್ಲಿ ಅಗಸೆಯ ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಎಳೆಎಳೆಯ ಮೇಲೆ ಹರಡಿದ ಎಣ್ಣೆಗೆ ಗಾಳಿ ಯಥೇಚ್ಛವಾಗಿ ದೊರೆಯುತ್ತದೆ. ಸರಪಣಿ ಕ್ರಿಯೆಯ ಶಾಖವು ಹೊರಹೋಗಲಾರದೆ ಒಳಗೇ ಏರುತ್ತದೆ. ಶಾಖ ಏರಿದಂತೆ ಕ್ರಿಯೆಯ ವೇಗವೂ ಏರುತ್ತದೆ. ಯಾರೂ ಕಡ್ಡಿ ಗೀರದೆಯೇ ಬಟ್ಟೆ ಹೊತ್ತಿಕೊಳ್ಳಬಲ್ಲದು. ಅವನ್ನು ಬಯಲಿನಲ್ಲಿ ಹರವಿ ಒಣಗಿಸಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಬೇಕು.

ತಿಂಗಳುಗಳ ಕಾಲ ಮೆಲ್ಲಗೆ ಕೆಡುವ ಎಣ್ಣೆ, ಕೆಲವು ಗಂಟೆಗಳಲ್ಲಿ ಹೊತ್ತಿಕೊಳ್ಳುವ ಬಟ್ಟೆ, ಕಣ್ಣೆವೆ ಮುಚ್ಚುವುದರೊಳಗೆ ಸ್ಫೋಟಿಸುವ ಅನಿಲ, ಈ ಮೂರೂ ಒಂದೇ ಲೆಕ್ಕಕ್ಕೆ ಒಳಪಟ್ಟಿವೆ. ೧೯೭೪ರಲ್ಲಿ ಮೊಲಿನಾ ಮತ್ತು ರೋಲೆಂಡ್, ಶೀತಕ ಯಂತ್ರಗಳಿಂದ ಹೊರಬಿದ್ದ ಕ್ಲೋರೀನ್ ಸಂಯುಕ್ತಗಳು ಮೇಲಣ ವಾಯುಮಂಡಲದ ಓಜೋನನ್ನು ನಾಶಮಾಡಬಲ್ಲವೆಂದು ಎಚ್ಚರಿಸಿದಾಗ ಅವರು ನೆಮ್ಮಿದುದೂ ಇದೇ ಲೆಕ್ಕವನ್ನು: ಒಂದು ಓಜೋನ್ ಅಣುವನ್ನು ಕೆಡಿಸಿದ ಕ್ಲೋರೀನ್ ಪರಮಾಣು ತೀರಿಹೋಗದೆ ಮತ್ತೊಂದರತ್ತ ಹಿಂದಿರುಗುತ್ತದೆ. ಅಪಾಯವು ಕಣದ ಗಾತ್ರದಲ್ಲಾಗಲಿ, ಅದರ ಆಯುಷ್ಯದಲ್ಲಾಗಲಿ ಇಲ್ಲ. ಅದು ತನ್ನ ಕೊರತೆಯನ್ನು ಇನ್ನೊಂದಕ್ಕೆ ದಾಟಿಸುವುದರಲ್ಲಿದೆ. ಕೊಂಡಿಯನ್ನು ಎಲ್ಲಿ ಕಡಿಯಬೇಕೆಂಬುದನ್ನು ಅರಿತರೆ ಅಡಿಗೆಮನೆಯ ಎಣ್ಣೆಯನ್ನೂ ಆಕಾಶದ ಓಜೋನನ್ನೂ ಕಾಪಾಡಿಕೊಳ್ಳುವ ದಾರಿ ತೋರುತ್ತದೆ.